ಬಾಗಿಲು ತಾನಾಗಿ ತೆರೆಯುವ ಮುನ್ನ: ಸ್ಮಾರ್ಟ್ ಮನೆ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಾಗಿಲಿನ ಸುತ್ತಲೇ ಇವೆ: ಬಾಗಿಲಿನ ಬೀಗ, ಬಾಗಿಲಿಗೆ ಬರುವ ಪಾರ್ಸೆಲ್, ಬಾಗಿಲು ಕಾಯುವ ಕ್ಯಾಮೆರಾ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮುಂಬಾಗಿಲಿಗೆ ಸ್ಮಾರ್ಟ್ ಲಾಕ್ ಹಾಕಿಸಿ ಆರು ತಿಂಗಳಾಯಿತು. ಬ್ಯಾಟರಿ ಒಂದು ವರ್ಷ ಬರುತ್ತದೆ ಎಂದಿದ್ದರು, ಐದು ವಾರಕ್ಕೇ ಮುಗಿಯುತ್ತಿದೆ. ಮಳೆ ಶುರುವಾದ ಮೇಲೆ ಕೆಲವು ರಾತ್ರಿ ಗುಂಯ್ ಎಂದು ಸದ್ದು ಮಾಡಿ ಅರ್ಧಕ್ಕೇ ನಿಲ್ಲುತ್ತದೆ. ಲಾಕ್ ಬದಲಿಸಬೇಕೇ?

ಲಾಕ್ ಬದಲಿಸುವ ಮುಂಚೆ ಬಾಗಿಲು ನೋಡಿ. ನೀವು ಹೇಳಿದ ಎರಡೂ ತೊಂದರೆಗಳ ಮೂಲ ಬಹುಪಾಲು ಒಂದೇ, ಅದು ಮರದಲ್ಲಿದೆ, ಎಲೆಕ್ಟ್ರಾನಿಕ್ಸಿನಲ್ಲಿ ಅಲ್ಲ.

ಮೊದಲು ಬಾಗಿಲು ತೆರೆದಿಟ್ಟೇ ಆ್ಯಪಿನಿಂದ ಲಾಕ್ ಮಾಡಿ. ಅಗುಳಿ ಸರಾಗವಾಗಿ ಹೊರಬಂದರೆ ಮೋಟಾರು ಚೆನ್ನಾಗಿದೆ ಎಂದರ್ಥ. ಈಗ ಬಾಗಿಲು ಮುಚ್ಚಿ, ಒಳಗಿನ ತಿರುಪನ್ನು ಕೈಯಲ್ಲೇ ತಿರುಗಿಸಿ. ಬಾಗಿಲನ್ನು ಸ್ವಲ್ಪ ಎಳೆದರೆ ಅಥವಾ ತಳ್ಳಿದರೆ ಮಾತ್ರ ತಿರುಗುತ್ತಿದೆಯೇ? ಹಾಗಿದ್ದರೆ ಅಗುಳಿ ಚೌಕಟ್ಟಿನ ತಗಡಿಗೆ ಉಜ್ಜುತ್ತಿದೆ. ನಾವು ಬೀಗ ಹಾಕುವಾಗ ನಮಗೇ ಗೊತ್ತಿಲ್ಲದೆ ಕದವನ್ನು ಒಂಚೂರು ಒತ್ತಿ ಹಿಡಿಯುತ್ತೇವೆ. ಮೋಟಾರಿಗೆ ಆ ಜಾಣತನ ಇಲ್ಲ. ಅದು ಗುದ್ದುತ್ತದೆ, ಕರೆಂಟು ಎಳೆಯುತ್ತದೆ, ಮತ್ತೆ ಪ್ರಯತ್ನಿಸುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಮರ ಉಬ್ಬಿ ಒಂದೆರಡು ಮಿಲಿಮೀಟರ್ ಜಾಗ ತಿಂದರೂ ಸಾಕು, ಬ್ಯಾಟರಿಯ ಆಯುಸ್ಸು ಅಲ್ಲೇ ಕರಗುತ್ತದೆ.

ಎಲ್ಲಿ ಉಜ್ಜುತ್ತಿದೆ ಎಂದು ಪತ್ತೆ ಮಾಡಲು ಅಗುಳಿಯ ತುದಿಗೆ ಸೀಮೆಸುಣ್ಣವನ್ನೋ ಲಿಪ್‌ಸ್ಟಿಕ್ಕನ್ನೋ ಬಳಿದು, ಬಾಗಿಲು ಮುಚ್ಚಿ ಒಮ್ಮೆ ಲಾಕ್ ಮಾಡಿ ತೆರೆಯಿರಿ. ಚೌಕಟ್ಟಿನ ತಗಡಿನ ಮೇಲೆ ಬಣ್ಣ ಹತ್ತಿದ ಅಂಚನ್ನು ಅರದಿಂದ ಒಂದೆರಡು ಮಿಲಿಮೀಟರ್ ಉಜ್ಜಿ. ಗುರುತು ತೂತಿನ ಕೆಳ ಅಂಚಿನಲ್ಲಿ ಬಿದ್ದರೆ ಕದ ಜೋತುಬಿದ್ದಿದೆ. ಆಗ ತಗಡು ಉಜ್ಜುವುದಕ್ಕಿಂತ ಮೇಲಿನ ಕೀಲಿನ ಸ್ಕ್ರೂಗಳನ್ನು ಬಿಗಿ ಮಾಡುವುದು ಒಳ್ಳೆಯದು. ಸ್ಕ್ರೂ ಸುಮ್ಮನೆ ಸುತ್ತುತ್ತಿದ್ದರೆ ಒಂದನ್ನು ತೆಗೆದು ಸುಮಾರು 75 ಮಿಲಿಮೀಟರ್ ಉದ್ದದ್ದನ್ನು ಹಾಕಿ, ಅದು ಚೌಕಟ್ಟಿನ ಆಳಕ್ಕೆ ಕಚ್ಚುತ್ತದೆ. ತೂತಿನ ಆಳವನ್ನೂ ಅಳೆಯಿರಿ. ಅಗುಳಿ 25 ಮಿಲಿಮೀಟರ್ ಹೊರಬರುವಂಥದ್ದಾದರೆ ತೂತು ಅದಕ್ಕಿಂತ ನಾಲ್ಕೈದು ಮಿಲಿಮೀಟರ್ ಹೆಚ್ಚೇ ಇರಬೇಕು. ಬಡಗಿ ಬಿಟ್ಟುಹೋದ ಮರದ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿದ್ದರೂ ಅಗುಳಿ ಅದಕ್ಕೆ ತಾಕಿ ನಿಲ್ಲುತ್ತದೆ, ಸ್ಕ್ರೂಡ್ರೈವರ್ ಹಾಕಿ ಕೆರೆದು ತೆಗೆಯಿರಿ. ಇಷ್ಟಾದ ಮೇಲೆ ಆ್ಯಪಿನಲ್ಲಿ ಲಾಕನ್ನು ಮತ್ತೆ ಕ್ಯಾಲಿಬ್ರೇಟ್ ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಹಳೆಯ ಅಳತೆಯನ್ನೇ ಅದು ನಂಬಿಕೊಂಡಿರುತ್ತದೆ.

ಬ್ಯಾಟರಿಯದ್ದೂ ಒಂದು ಮಾತು. ಇಂಥ ಲಾಕುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಎಎ ಆಲ್ಕಲೈನ್ ಸೆಲ್ ಇರುತ್ತವೆ. ತಲಾ 1.5 ವೋಲ್ಟಿನಂತೆ ಒಟ್ಟು 6 ವೋಲ್ಟ್. ಅದೇ ಜಾಗಕ್ಕೆ ರೀಚಾರ್ಜ್ ಸೆಲ್ ಹಾಕಿದರೆ ತಲಾ 1.2, ಒಟ್ಟು 4.8 ಮಾತ್ರ. ಲಾಕ್ ಅದನ್ನು 'ಬ್ಯಾಟರಿ ಮುಗಿಯುತ್ತಿದೆ' ಎಂದೇ ಓದುತ್ತದೆ. ಬಿಸಾಡುವ ಲಿಥಿಯಂ ಸೆಲ್‌ಗಳ ಸಮಸ್ಯೆ ತದ್ವಿರುದ್ಧ: ಕೊನೆಯವರೆಗೂ ವೋಲ್ಟೇಜ್ ಇಳಿಯುವುದೇ ಇಲ್ಲ, ಆಮೇಲೆ ಒಮ್ಮೆಗೇ ಕುಸಿಯುತ್ತದೆ. ಎಚ್ಚರಿಕೆ ಬರುವ ಮುನ್ನವೇ ನೀವು ಹೊರಗೆ ನಿಂತಿರುತ್ತೀರಿ. ಕಂಪನಿ ಹೇಳಿದ ಬಗೆಯನ್ನೇ ಹಾಕಿ, ನಾಲ್ಕನ್ನೂ ಒಟ್ಟಿಗೇ ಬದಲಿಸಿ. ನಿಮ್ಮದು ನೇರ ವೈಫೈ ಲಾಕ್ ಆಗಿದ್ದು ರೂಟರ್ ದೂರವಿದ್ದರೆ, ಸಿಗ್ನಲ್ ಹುಡುಕುವುದರಲ್ಲೇ ಬ್ಯಾಟರಿ ಹೋಗುತ್ತದೆ. ಬ್ಲೂಟೂತ್ ಲಾಕುಗಳು, ಝಿಗ್‌ಬೀ, ಥ್ರೆಡ್ ಎಂಬ ಕಡಿಮೆ ಶಕ್ತಿಯ ರೇಡಿಯೋ ಬಳಸುವ ಲಾಕುಗಳು ಈ ವಿಷಯದಲ್ಲಿ ಮಿತವ್ಯಯಿಗಳು.

ಪೂರ್ತಿ ಸತ್ತರೆ? ಹಲವು ಲಾಕುಗಳ ಕೀಪ್ಯಾಡ್ ತಳದಲ್ಲಿ ಎರಡು ಪುಟ್ಟ ಲೋಹದ ಗುಂಡಿಗಳಿರುತ್ತವೆ. 9 ವೋಲ್ಟಿನ ಚೌಕ ಬ್ಯಾಟರಿಯನ್ನು ಅದಕ್ಕೆ ಒತ್ತಿ ಹಿಡಿದರೆ ಕೋಡ್ ಒತ್ತುವಷ್ಟು ಜೀವ ಬರುತ್ತದೆ. ಕೆಲವದರಲ್ಲಿ ಆ ಜಾಗದಲ್ಲಿ ಯುಎಸ್‌ಬಿ-ಸಿ ಕಿಂಡಿ ಇರುತ್ತದೆ. ನಿಮ್ಮದರಲ್ಲಿ ಏನಿದೆ ಎಂದು ಹಗಲು ಹೊತ್ತಿನಲ್ಲೇ ಒಮ್ಮೆ ಮಾಡಿ ನೋಡಿ. ಲೋಹದ ಕೀಲಿಯನ್ನು ಮನೆಯೊಳಗಿನ ಡ್ರಾಯರಿನಲ್ಲಿ ಇಟ್ಟರೆ ಏನು ಬಂತು? ನಂಬಿಕಸ್ಥರ ಮನೆಯಲ್ಲೊಂದು ಇರಲಿ. 2017ರ ಆಗಸ್ಟಿನಲ್ಲಿ ಲಾಕ್‌ಸ್ಟೇಟ್ ಕಂಪನಿ ಒಂದು ಮಾದರಿಯ ಲಾಕುಗಳಿಗೆ ಇನ್ನೊಂದು ಮಾದರಿಯ ಸಾಫ್ಟ್‌ವೇರ್ ಕಳುಹಿಸಿ ಸುಮಾರು 500 ಲಾಕುಗಳ ಕೀಪ್ಯಾಡ್ ನಿಷ್ಕ್ರಿಯವಾಯಿತು. ಲೋಹದ ಕೀಲಿ ಕೈಯಲ್ಲಿದ್ದವರು ಒಳಗೆ ಹೋದರು.

ಇನ್ನು, ಒಳಗಿನಿಂದ ಹೊರಹೋಗಲು ಕೋಡ್, ಬೆರಳಚ್ಚು, ಫೋನ್ ಯಾವುದೂ ಬೇಕಾಗಬಾರದು. ಬೆಂಕಿ ಬಿದ್ದ ರಾತ್ರಿ, ಹೊಗೆಯಲ್ಲಿ, ಒಂದು ತಿರುಪು ತಿರುಗಿಸಿದರೆ ಬಾಗಿಲು ತೆರೆಯಬೇಕು. ಈ ಒಂದು ವಿಷಯದಲ್ಲಿ ರಾಜಿಯೇ ಬೇಡ.

ಪ್ರಶ್ನೆ: ಮನೆಯಲ್ಲಿ ಯಾರೂ ಇಲ್ಲದಾಗ ಪಾರ್ಸೆಲನ್ನು ಒಳಗೇ ಇಟ್ಟುಹೋಗುವ ಸೇವೆ ಇದೆಯಂತೆ. ಲಾಕ್ ಅವರೇ ತೆರೆಯುತ್ತಾರೆ, ಕ್ಯಾಮೆರಾದಲ್ಲಿ ನಾವು ನೋಡಬಹುದು. ಒಪ್ಪಬಹುದೇ? ಬಾಗಿಲ ಹೊರಗಿನ ಪಾರ್ಸೆಲ್ ಪೆಟ್ಟಿಗೆ ಸಾಕೇ?

ಮನೆಯೊಳಗೆ ಬಿಡುವುದನ್ನು ನಾವು ಶಿಫಾರಸು ಮಾಡುವುದಿಲ್ಲ. ಕಾರಣ ಇದು. 2017ರ ಅಕ್ಟೋಬರಿನಲ್ಲಿ ಅಮೆಜಾನ್ ಇಂಥದೇ ಸೇವೆ ಘೋಷಿಸಿತು. ಮರುತಿಂಗಳೇ ರೈನೋ ಸೆಕ್ಯುರಿಟಿ ಲ್ಯಾಬ್ಸ್ ಸಂಸ್ಥೆಯ ಸಂಶೋಧಕರು ಅದರ ದೌರ್ಬಲ್ಯ ತೋರಿಸಿದರು. ವೈಫೈ ವ್ಯಾಪ್ತಿಯಲ್ಲಿ ನಿಂತ ಯಾರು ಬೇಕಾದರೂ 'ಸಂಪರ್ಕ ಕಡಿದುಕೋ' ಎಂಬ ಸಂದೇಶವನ್ನು ರೂಟರಿನ ಹೆಸರಲ್ಲಿ ಕ್ಯಾಮೆರಾಕ್ಕೆ ಸುರಿಸಬಹುದಿತ್ತು. ಕ್ಯಾಮೆರಾ ನೆಟ್‌ವರ್ಕಿನಿಂದ ಕಳಚಿಕೊಳ್ಳುತ್ತಿತ್ತು. ಆದರೆ ಮಾಲೀಕರ ಫೋನಿನಲ್ಲಿ 'ಕ್ಯಾಮೆರಾ ಸಿಗುತ್ತಿಲ್ಲ' ಎಂದು ಬರುತ್ತಿರಲಿಲ್ಲ, ಕೊನೆಯ ಚಿತ್ರವೇ ಹಾಗೇ ನಿಂತಿರುತ್ತಿತ್ತು: ಮುಚ್ಚಿದ ಬಾಗಿಲು, ಖಾಲಿ ಪಡಸಾಲೆ. ಕಂಪನಿ ಆಮೇಲೆ ತಿದ್ದುಪಡಿ ಕೊಟ್ಟಿತು. ಆದರೂ ವೈಫೈ ಮೇಲೆ ನಿಂತ ಯಾವುದೇ ಕಾವಲಿಗೆ ಈ ಪ್ರಶ್ನೆ ಇದ್ದೇ ಇದೆ. ಈಗಾಗಲೇ ಒಪ್ಪಿಕೊಂಡಿದ್ದೀರಾದರೆ ರೂಟರಿನಲ್ಲಿ ಡಬ್ಲ್ಯುಪಿಎ3 ಎಂಬ ವೈಫೈ ಭದ್ರತೆಯ ಬಗೆಯನ್ನು ಆಯ್ಕೆ ಮಾಡಿ, ಅದರಲ್ಲಿ ಇಂಥ ನಕಲಿ ಸಂದೇಶಗಳಿಗೆ ತಡೆ ಇದೆ. ಕ್ಯಾಮೆರಾವನ್ನು ಸಾಧ್ಯವಾದರೆ ಕೇಬಲ್ಲಿನಲ್ಲೇ ಜೋಡಿಸಿ.

ಪೆಟ್ಟಿಗೆಯೇ ಮೇಲು. ಎಂಥದ್ದು ತರಬೇಕೆಂದು ಅಂದಾಜಿನಲ್ಲಿ ನಿರ್ಧರಿಸಬೇಡಿ. ಒಂದು ತಿಂಗಳು ಮನೆಗೆ ಬಂದ ಪಾರ್ಸೆಲ್‌ಗಳನ್ನು ಟೇಪು ಹಿಡಿದು ಅಳೆದು ಬರೆದಿಡಿ, ಹತ್ತರಲ್ಲಿ ಒಂಬತ್ತು ಹಿಡಿಯುವ ಅಳತೆ ಸಾಕು. ಮುಚ್ಚಳದಡಿ ಜಾರುವ ತಟ್ಟೆ ಇರುವ ಮಾದರಿ ಆರಿಸಿ. ಅದರಲ್ಲಿ ಹಾಕಿದ ಪಾರ್ಸೆಲ್ ಕೆಳಗೆ ಬೀಳುತ್ತದೆ, ಮೇಲಿನಿಂದ ಕೈ ಹಾಕಿ ತೆಗೆಯಲು ಆಗುವುದಿಲ್ಲ. ತಟ್ಟೆ ಇಲ್ಲದ ಪೆಟ್ಟಿಗೆಯಲ್ಲಿ ಎರಡನೆಯ ಪಾರ್ಸೆಲ್ ತಂದವರಿಗೆ ಮೊದಲನೆಯದು ಕಣ್ಣೆದುರೇ ಇರುತ್ತದೆ. ನಾಲ್ಕು 10 ಮಿಲಿಮೀಟರ್ ಆ್ಯಂಕರ್ ಬೋಲ್ಟ್‌ಗಳನ್ನು ಪೆಟ್ಟಿಗೆಯ ಒಳಗಿನಿಂದಲೇ ನೆಲಕ್ಕೆ ಬಿಗಿಯಬೇಕು. ಹೊರಗೆ ಬೋಲ್ಟ್ ತಲೆ ಕಾಣುವಂತಿದ್ದರೆ ಪೆಟ್ಟಿಗೆ ಸಮೇತ ಹೋಗುತ್ತದೆ. ತಳದಲ್ಲಿ ನೀರಿಳಿಯಲು ಒಂದು ತೂತು ಇರಲಿ. ಬಿಸಿಲಿಗೆ ಮುಖ ಮಾಡಿದ ಲೋಹದ ಪೆಟ್ಟಿಗೆ ಒಳಗೆ ಒಲೆಯಂತಾಗುತ್ತದೆ, ಔಷಧಿಯನ್ನು ಅದಕ್ಕೆ ತರಿಸಲೇಬೇಡಿ.

ಕೋಡ್ ಬಗ್ಗೆ ಒಂದು ಸೂಕ್ಷ್ಮ. ಕೀಪ್ಯಾಡನ್ನು ಓರೆ ಬೆಳಕಿನಲ್ಲಿ ನೋಡಿ. ನಾಲ್ಕು ಗುಂಡಿಗಳು ಮಾತ್ರ ಜಿಡ್ಡಾಗಿ ಹೊಳೆಯುತ್ತಿದ್ದರೆ, ನಿಮ್ಮ ನಾಲ್ಕಂಕಿಯ ಕೋಡಿನ 10,000 ಸಾಧ್ಯತೆಗಳು ಕೇವಲ 24ಕ್ಕೆ ಇಳಿದವು. ಒಂದು ಅಂಕಿಯನ್ನು ಎರಡು ಸಲ ಬಳಸಿ ಮೂರೇ ಗುಂಡಿ ಸವೆದಿದ್ದರೆ 36 ಸಾಧ್ಯತೆ. ವಿಚಿತ್ರ ಎನಿಸಿದರೂ ಅದೇ ತುಸು ಸುರಕ್ಷಿತ. ಆರಂಕಿಯ ಕೋಡ್ ಇಡಿ, ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಎಲ್ಲ ಗುಂಡಿಗಳನ್ನೂ ಒರೆಸಿ. ತಂದುಕೊಡುವವರಿಗೆ ಮನೆಯವರ ಕೋಡ್ ಹೇಳಬೇಡಿ, ಆ ದಿನಕ್ಕಷ್ಟೇ ನಡೆಯುವ ಬೇರೆ ಕೋಡ್ ಮಾಡಿಕೊಡಿ.

ಪ್ರಶ್ನೆ: ಇಂಟರ್ನೆಟ್ ಹೋದರೆ ನಮ್ಮ ಮನೆಯ ದೀಪವೂ ಹತ್ತುವುದಿಲ್ಲ. ಹೀಗೇಕೆ?

ನಿಮ್ಮ ಬೆರಳಿನಿಂದ ಆ ದೀಪಕ್ಕೆ ಮೂರು ಮೀಟರ್ ದೂರ ಇರಬಹುದು. ಆದರೆ ಆದೇಶ ಹೋಗುವುದು ಕಂಪನಿಯ ಸರ್ವರಿಗೆ, ಅಲ್ಲಿಂದ ಮರಳಿ ಮನೆಗೆ. ನಡುವೆ ಎಲ್ಲಿ ಕಡಿದರೂ ಕತ್ತಲೆ. 2021ರ ಡಿಸೆಂಬರ್ 7ರಂದು ಅಮೆಜಾನಿನ ಸರ್ವರ್ ಕೇಂದ್ರವೊಂದು ಹಲವು ಗಂಟೆ ಕೈಕೊಟ್ಟಾಗ ಡೋರ್‌ಬೆಲ್ ಕ್ಯಾಮೆರಾಗಳಿಂದ ಹಿಡಿದು ಕಸಗುಡಿಸುವ ರೋಬೋಗಳವರೆಗೆ ಆ್ಯಪಿಗೆ ಓಗೊಡದೆ ಕೂತವು. ಇದಕ್ಕಿಂತ ನೋವಿನದು ಕಂಪನಿ ಸೇವೆಯನ್ನೇ ಮುಚ್ಚುವುದು. ಮನೆಯ ಸಾಧನಗಳನ್ನೆಲ್ಲ ಒಂದೆಡೆಯಿಂದ ನಡೆಸುವ ಪೆಟ್ಟಿಗೆಗಳಾದ ರಿವಾಲ್ವ್ ಹಬ್‌ಗಳು 2016ರ ಮೇ ತಿಂಗಳಲ್ಲಿ ಕೆಲಸ ನಿಲ್ಲಿಸಿದವು. ಇನ್‌ಸ್ಟಿಯಾನ್ ಎಂಬ ಸ್ಮಾರ್ಟ್ ಮನೆ ಕಂಪನಿಯ ಸರ್ವರ್‌ಗಳು 2022ರ ಏಪ್ರಿಲಿನಲ್ಲಿ ಬಳಕೆದಾರರಿಗೆ ಮುನ್ಸೂಚನೆಯನ್ನೂ ಕೊಡದೆ ಆರಿದವು.

ಕೊಳ್ಳುವ ಮುನ್ನ ಅಂಗಡಿಯಲ್ಲೇ ಕೇಳಿ: ರೂಟರಿಗೆ ಬರುವ ಇಂಟರ್ನೆಟ್ ಕೇಬಲ್ ಕಿತ್ತರೆ ಇದು ನಡೆಯುತ್ತದೆಯೇ? ಮನೆಯಲ್ಲಿ ಈಗಾಗಲೇ ಇರುವ ಸಾಧನಗಳಿಗೂ ಇದೇ ಪರೀಕ್ಷೆ ಮಾಡಿ. ಕೇಬಲ್ ಕಿತ್ತು ಅರ್ಧ ಗಂಟೆ ಬಿಟ್ಟು, ಏನೇನು ನಿಂತಿತು ಎಂದು ಬರೆದಿಡಿ. ನಿಂತವುಗಳಲ್ಲಿ ಬೀಗ, ಮೆಟ್ಟಿಲ ದೀಪ, ಹೊಗೆ ಸೂಚಕ ಇದ್ದರೆ ಮೊದಲು ಅವನ್ನು ಬದಲಿಸಿ. 2022ರ ಅಕ್ಟೋಬರಿನಲ್ಲಿ ಬಂದ ಮ್ಯಾಟರ್ ಎಂಬ ಮಾನಕದಲ್ಲಿ ಸಾಧನಗಳು ಮನೆಯ ನೆಟ್‌ವರ್ಕಿನೊಳಗೇ ಮಾತಾಡಿಕೊಳ್ಳುತ್ತವೆ. ಝಿಗ್‌ಬೀ ಮತ್ತು ಅದರಂಥದೇ ಝೆಡ್-ವೇವ್ ಸಾಧನಗಳೂ ಸರಿ, ಅವನ್ನು ನಡೆಸುವ ಹಬ್ ಮಾತ್ರ ಸರ್ವರಿಗೆ ಜೋತುಬಿದ್ದಿರಬಾರದು.

ದೀಪಕ್ಕೆ ಬಲ್ಬನ್ನು ಸ್ಮಾರ್ಟ್ ಮಾಡುವುದಕ್ಕಿಂತ ಗೋಡೆಯ ಸ್ವಿಚ್ಚಿನ ಹಿಂದೆ ರಿಲೇ (ಆದೇಶ ಕೊಟ್ಟರೆ ತಾನೇ ಕರೆಂಟು ಹರಿಸಿ ನಿಲ್ಲಿಸುವ ಪುಟ್ಟ ಸ್ವಿಚ್) ಕೂರಿಸುವುದು ಜಾಣತನ. ಆಗ ಸ್ವಿಚ್ ಒತ್ತಿದರೆ ಎಂದಿನಂತೆ ದೀಪ ಹತ್ತುತ್ತದೆ, ಮನೆಗೆ ಬಂದ ಅಜ್ಜಿಗೆ ಆ್ಯಪ್ ಕಲಿಸಬೇಕಿಲ್ಲ. ಸ್ವಿಚ್ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ತಂತಿ (ಕರೆಂಟು ಮರಳುವ ತಂತಿ) ಇದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಇಲ್ಲದಿದ್ದರೆ ನ್ಯೂಟ್ರಲ್ ಬೇಡದ ಮಾದರಿ ಬೇಕಾಗುತ್ತದೆ. ಅದು ದೀಪದ ಮೂಲಕವೇ ಸಣ್ಣ ಕರೆಂಟು ಹರಿಸುವುದರಿಂದ ಕಡಿಮೆ ವ್ಯಾಟಿನ ಎಲ್ಇಡಿ ಸ್ವಿಚ್ ಆಫ್ ಮಾಡಿದ ಮೇಲೂ ಮಿಣುಕುತ್ತದೆ. ಜೊತೆಗೆ ಕೊಡುವ ಬೈಪಾಸ್ ಕೆಪಾಸಿಟರನ್ನು ದೀಪದ ಹತ್ತಿರ ಹಾಕಿಸಿದರೆ ಸರಿಹೋಗುತ್ತದೆ.

ಪ್ರಶ್ನೆ: ಝಿಗ್‌ಬೀ ಸೆನ್ಸರ್‌ಗಳು ಆಗಾಗ ನಾಪತ್ತೆ. ಹಬ್ ಆಗಿ ಯುಎಸ್‌ಬಿ ಡಾಂಗಲ್ ಬಳಸುತ್ತಿದ್ದೇನೆ.

ಡಾಂಗಲನ್ನು ಕಂಪ್ಯೂಟರಿಗೆ ನೇರ ಚುಚ್ಚಿದ್ದೀರಿ ಎಂದು ಊಹೆ. ಯುಎಸ್‌ಬಿ 3 ಕಿಂಡಿಗಳು 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಗದ್ದಲ ಎಬ್ಬಿಸುತ್ತವೆ, ಝಿಗ್‌ಬೀ ಮಾತಾಡುವುದೂ ಅಲ್ಲೇ. ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ದೂರ ಇಡಿ. ಸಾಲದಿದ್ದರೆ ವೈಫೈಯನ್ನು ಚಾನೆಲ್ 1 ಅಥವಾ 6ಕ್ಕೆ ಕಟ್ಟಿಹಾಕಿ, ಝಿಗ್‌ಬೀಯನ್ನು 25ಕ್ಕೆ ಬದಲಿಸಿ. ಚಾನೆಲ್ ಬದಲಿಸಿದ ಮೇಲೆ ಕೆಲವು ಸೆನ್ಸರ್‌ಗಳನ್ನು ಮತ್ತೆ ಜೋಡಿಸಬೇಕಾಗಬಹುದು.

ಪ್ರಶ್ನೆ: ಗೀಸರ್ ಮತ್ತು ನೀರಿನ ಪಂಪಿಗೆ 10 ಆ್ಯಂಪಿಯರಿನ ಸ್ಮಾರ್ಟ್ ಪ್ಲಗ್ ಹಾಕಿದ್ದೇವೆ. ಪ್ಲಗ್ ಬಿಸಿಯಾಗುತ್ತದೆ. ಮಾಮೂಲೇ?

ಮಾಮೂಲಲ್ಲ. ಇವತ್ತೇ ತೆಗೆಯಿರಿ.

3000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ 13 ಆ್ಯಂಪಿಯರ್ ಎಳೆಯುತ್ತದೆ. ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 10ರ ಪ್ಲಗ್‌ನಲ್ಲಿ 13 ಹರಿದರೆ ಅದು ತಾಳಬೇಕಾದ ಶಾಖ ಸುಮಾರು ಶೇ 70ರಷ್ಟು ಹೆಚ್ಚು. ಪ್ಲಗ್ ಕಿತ್ತು ಪಿನ್ನುಗಳ ಬುಡ ನೋಡಿ. ಬಿಳಿ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ್ದರೆ, ಮೀನು ಸುಟ್ಟಂಥ ವಾಸನೆ ಇದ್ದರೆ, ಸಾಕೆಟ್ಟನ್ನೂ ಬದಲಿಸಬೇಕು. ಒಳಗಿನ ಸ್ಪ್ರಿಂಗ್ ಆಗಲೇ ಬಿಗಿ ಕಳೆದುಕೊಂಡಿರುತ್ತದೆ.

ಪಂಪಿನ ಕಥೆ ಬೇರೆ. ಓಡುವಾಗ 4 ಆ್ಯಂಪಿಯರ್ ಎಳೆಯುವ ಮೋಟಾರು ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಪ್ಲಗ್ ಒಳಗಿನ ರಿಲೇಯ ಸಂಪರ್ಕಗಳಲ್ಲಿ ಕಿಡಿ ಹಾರಿ, ಒಂದು ದಿನ ಎರಡೂ ಬೆಸೆದುಕೊಂಡುಬಿಡುತ್ತವೆ. ಆ್ಯಪ್ 'ಆರಿದೆ' ಎನ್ನುತ್ತಿರುತ್ತದೆ, ಪಂಪು ಓಡುತ್ತಲೇ ಇರುತ್ತದೆ. ಪಂಪು, ಗೀಸರ್ ಎರಡಕ್ಕೂ ಸರಿಯಾದ ದಾರಿ ಕಾಂಟ್ಯಾಕ್ಟರ್, ಅಂದರೆ ಭಾರೀ ಕರೆಂಟಿಗೆಂದೇ ಮಾಡಿದ ದೊಡ್ಡ ಸ್ವಿಚ್. ಭಾರವನ್ನು ಕಾಂಟ್ಯಾಕ್ಟರ್ ಹೊರುತ್ತದೆ, ಸ್ಮಾರ್ಟ್ ರಿಲೇ ಅದನ್ನು ಎಳೆಯುವ ತಂತಿಸುರುಳಿಯನ್ನಷ್ಟೇ (ಕಾಯಿಲ್) ಚಾಲೂ ಮಾಡುತ್ತದೆ. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ರಿಲೇಯ ಸೆಟ್ಟಿಂಗಿನಲ್ಲಿ ಎರಡು ವಿಷಯ ನೋಡಿ: ಹೋದ ಕರೆಂಟು ಮರಳಿ ಬಂದಾಗ 'ಆರಿರಲಿ' ಎಂದಿರಬೇಕು, ಗರಿಷ್ಠ ಚಾಲೂ ಸಮಯ ಗೀಸರಿಗೆ 30 ನಿಮಿಷ ಎಂಬಂತೆ ರಿಲೇಯೊಳಗೇ ನಮೂದಾಗಿರಬೇಕು. ಆ್ಯಪಿನ ಟೈಮರನ್ನು ನೆಚ್ಚಿದರೆ ಇಂಟರ್ನೆಟ್ ಹೋದ ಹೊತ್ತು ಆರಿಸುವ ಆದೇಶ ಬರುವುದೇ ಇಲ್ಲ.

ಪ್ರಶ್ನೆ: ಮನೆಯ ಕ್ಯಾಮೆರಾ ಬೇರೆಯವರ ಕೈಗೆ ಸಿಗದಂತೆ ಏನು ಮಾಡಬೇಕು?

2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್‌ಗಳನ್ನು ವಶಪಡಿಸಿಕೊಂಡಿತು. ಅದರ ಹತ್ತಿರ ಇದ್ದದ್ದು ಕಾರ್ಖಾನೆಯಿಂದ ಬಂದ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ, ಅಷ್ಟೇ. ಆ ಅಕ್ಟೋಬರ್ 21ರಂದು ಹೀಗೆ ವಶವಾದ ಸಾಧನಗಳ ಸೇನೆ, ಜಾಲತಾಣಗಳ ಹೆಸರನ್ನು ವಿಳಾಸಕ್ಕೆ ಜೋಡಿಸಿಕೊಡುವ ಡೈನ್ ಎಂಬ ಸಂಸ್ಥೆಯ ಮೇಲೆ ಬಿದ್ದು ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಹಲವರಿಗೆ ಸಿಗದಂತಾದವು. ಆದ್ದರಿಂದ ಪೆಟ್ಟಿಗೆ ಬಿಚ್ಚಿದ ಕೂಡಲೇ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಲಾಗಿನ್ ಹಾಕಿ. ರೂಟರಿನಲ್ಲಿ ಯುಪಿಎನ್‌ಪಿ ಎಂಬ ಸೆಟ್ಟಿಂಗನ್ನು ಆಫ್ ಮಾಡಿ, ಇಲ್ಲದಿದ್ದರೆ ಕ್ಯಾಮೆರಾ ತಾನೇ ಹೊರಜಗತ್ತಿಗೆ ಕಿಂಡಿ ತೆರೆದುಕೊಳ್ಳಬಲ್ಲದು. ಅತಿಥಿ ವೈಫೈ ಚಾಲೂ ಮಾಡಿ ಕ್ಯಾಮೆರಾಗಳನ್ನೆಲ್ಲ ಅದರಲ್ಲಿಡಿ, ಲ್ಯಾಪ್‌ಟಾಪು ಮತ್ತು ಫೋನು ಮುಖ್ಯ ವೈಫೈಯಲ್ಲಿರಲಿ. ಹೀಗೆ ಬೇರ್ಪಡಿಸಿದರೆ ಮನೆಯೊಳಗೇ ನೇರ ಮಾತಾಡುವ ಸಾಧನಗಳು ಫೋನಿಗೆ ಸಿಗದಿರಬಹುದು, ಅಂಥವನ್ನು ಮುಖ್ಯ ವೈಫೈಗೆ ಮರಳಿಸಿ.

ಭದ್ರತಾ ತಿದ್ದುಪಡಿ ಎಷ್ಟು ವರ್ಷ ಬರುತ್ತದೆ ಎಂದು ಕೊಳ್ಳುವಾಗಲೇ ನೋಡಿ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಇದನ್ನು ತಿಳಿಸುವುದು ಕಡ್ಡಾಯ, ಎಲ್ಲ ಸಾಧನಗಳಿಗೂ ಒಂದೇ ಸುಲಭ ಪಾಸ್‌ವರ್ಡ್ ಇಡುವಂತಿಲ್ಲ. ಅಲ್ಲಿ ಮಾರಾಟವಾಗುವ ಮಾದರಿಗಳ ಅವಧಿ ಕಂಪನಿಯ ಜಾಲತಾಣದಲ್ಲಿ ಸಿಗುತ್ತದೆ.

ಮೆಮೊರಿ ಕಾರ್ಡಿನ ಲೆಕ್ಕವನ್ನೂ ಹಲವರು ಕೇಳಿದ್ದಾರೆ. ಸೆಕೆಂಡಿಗೆ 2 ಮೆಗಾಬಿಟ್ ದಾಖಲಿಸುವ ಕ್ಯಾಮೆರಾ ದಿನಕ್ಕೆ 21.6 ಗಿಗಾಬೈಟ್ ತುಂಬುತ್ತದೆ. 128ರ ಕಾರ್ಡ್ ಆರು ದಿನವೂ ಪೂರ್ತಿ ಬರುವುದಿಲ್ಲ. ಹಗಲಿರುಳು ಬರೆದು ಅಳಿಸುವುದರಿಂದ ಸಾಮಾನ್ಯ ಕಾರ್ಡ್ ಸವೆದುಹೋಗುತ್ತದೆ, ನೇರ ದೃಶ್ಯ ಮಾತ್ರ ಚೆನ್ನಾಗಿಯೇ ಕಾಣುತ್ತಿರುತ್ತದೆ. ಹೆಚ್ಚು ಸಲ ಬರೆದು ಅಳಿಸಿದರೂ ತಾಳುವ 'ಹೈ ಎಂಡ್ಯೂರೆನ್ಸ್' ಕಾರ್ಡ್ ಕೊಳ್ಳಿ, ತಿಂಗಳಿಗೊಮ್ಮೆ ಮೂರು ದಿನ ಹಿಂದಿನ ದೃಶ್ಯ ತೆರೆದು ನೋಡಿ.

ಪ್ರಶ್ನೆ: ನಮ್ಮದು ಆರನೆಯ ಮಹಡಿ. ಡ್ರೋನ್ ಬಾಲ್ಕನಿಗೇ ಸಾಮಾನು ತಂದುಕೊಡುವ ದಿನ ಬರುತ್ತದೆಯೇ?

ಬಾಲ್ಕನಿಗೆ ಕಷ್ಟ. ಗೋಡೆಯ ಪಕ್ಕ ಗಾಳಿ ಸುಳಿಯುತ್ತದೆ, ಉಪಗ್ರಹದ ಸಿಗ್ನಲ್ ಕಟ್ಟಡಕ್ಕೆ ಬಡಿದು ಪುಟಿದು ಸ್ಥಳದ ಲೆಕ್ಕ ತಪ್ಪುತ್ತದೆ. ಡ್ರೋನ್ ನಿಜವಾಗಿ ಗೆದ್ದಿರುವುದು ತೆರೆದ ಜಾಗದಲ್ಲಿ. ಜಿಪ್‌ಲೈನ್ ಸಂಸ್ಥೆ 2016ರ ಅಕ್ಟೋಬರಿನಿಂದ ರುವಾಂಡಾದಲ್ಲಿ ಆಸ್ಪತ್ರೆಗಳಿಗೆ ರಕ್ತ ತಲುಪಿಸುತ್ತಿದೆ. ರೆಕ್ಕೆಯ ವಿಮಾನವನ್ನು ಕವಣೆಯಂತೆ ಚಿಮ್ಮಿಸುತ್ತಾರೆ, ಪೊಟ್ಟಣ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಗುಡ್ಡಗಾಡಿನ ದಾರಿಯಲ್ಲಿ ಗಂಟೆಗಟ್ಟಲೆ ಹಿಡಿಯುತ್ತಿದ್ದ ರಕ್ತ ನಿಮಿಷಗಳಲ್ಲಿ ಬರುತ್ತದೆ. ಈ ತಂತ್ರಜ್ಞಾನದ ಬಗ್ಗೆ ನಮಗಿರುವ ಗೌರವಕ್ಕೆ ಇದೊಂದೇ ಕೆಲಸ ಸಾಕು. ವಿಂಗ್ ಸಂಸ್ಥೆಯ ಡ್ರೋನುಗಳು ಸುಮಾರು ಒಂದು ಕಿಲೋ ಚಿಲ್ಲರೆ ತೂಕವನ್ನು ಹಗ್ಗದಲ್ಲಿ ಅಂಗಳಕ್ಕೆ ಇಳಿಸುತ್ತವೆ. ತೊಡಕುಗಳೂ ಅಂಗಳದ್ದೇ: 2021ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಗೂಡು ಕಟ್ಟಿದ್ದ ಕಾಗೆ ಜಾತಿಯ ಹಕ್ಕಿಗಳು ಎರಗಿದ್ದರಿಂದ ಒಂದು ಬಡಾವಣೆಯಲ್ಲಿ ಸೇವೆ ನಿಲ್ಲಿಸಬೇಕಾಯಿತು. 2022ರಲ್ಲಿ ಅದೇ ದೇಶದ ಲೋಗನ್ ನಗರದಲ್ಲಿ ಡ್ರೋನೊಂದು ವಿದ್ಯುತ್ ತಂತಿಯ ಮೇಲೆ ಇಳಿದು ಎರಡು ಸಾವಿರಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟು ಹೋಯಿತು.

ಅಂಗಳ ಇರುವವರಿಗೆ: ಮೇಲೆ ಮರದ ಕೊಂಬೆ, ತಂತಿ, ಬಟ್ಟೆ ಒಣಗಿಸುವ ಹಗ್ಗ ಇಲ್ಲದ ಜಾಗ ಗುರುತು ಮಾಡಿ. ಇಳಿಯುತ್ತಿರುವ ಹಗ್ಗವನ್ನು ಎಳೆಯಬಾರದು, ಕಟ್ಟಬಾರದು. ಡ್ರೋನ್ ಹೋಗುವವರೆಗೆ ಮಕ್ಕಳೂ ನಾಯಿಯೂ ಒಳಗಿರಲಿ.

ಪ್ರಶ್ನೆ: ಕಾಲುದಾರಿಯಲ್ಲಿ ಓಡುವ ಡೆಲಿವರಿ ರೋಬೋಗಳನ್ನು ನಮ್ಮ ಕ್ಯಾಂಪಸ್ಸಿಗೆ ತರುವ ಪ್ರಸ್ತಾಪ ಇದೆ. ನಾನು ವೀಲ್‌ಚೇರ್ ಬಳಸುತ್ತೇನೆ. ಸಭೆಯಲ್ಲಿ ಏನು ಕೇಳಲಿ?

ನಿಮ್ಮ ಆತಂಕ ಸಕಾರಣ. 2019ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ರಸ್ತೆ ದಾಟುತ್ತಿದ್ದ ವೀಲ್‌ಚೇರ್ ಬಳಕೆದಾರ ವಿದ್ಯಾರ್ಥಿನಿಯೊಬ್ಬರು ಎದುರಿನ ಇಳಿಜಾರು ಹತ್ತಲಾಗದೆ ಸಿಕ್ಕಿಬಿದ್ದರು. ಆ ಇಳಿಜಾರಿನ ಮೇಲೆಯೇ ರೋಬೋ ನಿಂತಿತ್ತು. ಅದು 'ಸುರಕ್ಷಿತವಾಗಿ ಕಾಯುತ್ತಿದ್ದ' ಜಾಗ ಇವರಿಗೆ ರಸ್ತೆಯಿಂದ ಪಾರಾಗುವ ಒಂದೇ ದಾರಿಯಾಗಿತ್ತು. ವಿಶ್ವವಿದ್ಯಾಲಯ ಪ್ರಯೋಗವನ್ನು ತಡೆಹಿಡಿಯಿತು.

ಸಭೆಯಲ್ಲಿ ಇಷ್ಟನ್ನು ಬರವಣಿಗೆಯಲ್ಲಿ ಕೇಳಿ. ಇಳಿಜಾರುಗಳನ್ನು ನಕ್ಷೆಯಲ್ಲಿ 'ನಿಲ್ಲಬಾರದ ಜಾಗ' ಎಂದು ಗುರುತಿಸಿದ್ದಾರೆಯೇ? ಒಂದೂವರೆ ಮೀಟರಿಗಿಂತ ಕಿರಿದಾದ ದಾರಿಯಲ್ಲಿ ರೋಬೋ ಓಡಿಸುವುದಿಲ್ಲ ಎಂದು ಒಪ್ಪುತ್ತಾರೆಯೇ? ವೀಲ್‌ಚೇರಿಗೆ ಸುಮಾರು 90 ಸೆಂಟಿಮೀಟರ್ ಬೇಕು, ರೋಬೋ ಅರ್ಧ ಮೀಟರಿಗಿಂತ ತುಸು ಹೆಚ್ಚು ಅಗಲ. ಎದುರುಬದುರಾದಾಗ ಹಿಂದೆ ಸರಿಯುವುದು ಯಾರು? ಕೆಟ್ಟು ನಿಂತರೆ ಎಷ್ಟು ನಿಮಿಷದಲ್ಲಿ ಬಂದು ಎತ್ತುತ್ತಾರೆ, ಅದರ ಮೈಮೇಲೆ ದೊಡ್ಡಕ್ಷರದಲ್ಲಿ ಫೋನ್ ಸಂಖ್ಯೆ ಇದೆಯೇ? ಕಣ್ಣು ಕಾಣದವರಿಗೆ ಅದು ಬರುತ್ತಿರುವುದು ಕೇಳಿಸುತ್ತದೆಯೇ? ಮತ್ತು ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಒಂದು ದಿನ ನಿಮ್ಮ ಜೊತೆಗೇ ಅದನ್ನು ಇಡೀ ದಾರಿ ಓಡಿಸಿ ತೋರಿಸಲಿ.

ಪ್ರಶ್ನೆ: ಮಗು ಮಾತಿನಲ್ಲೇ ಸಾಮಾನು ಆರ್ಡರ್ ಮಾಡಿಬಿಟ್ಟಿತು!

ವಾಯ್ಸ್ ಅಸಿಸ್ಟೆಂಟಿನ ಸೆಟ್ಟಿಂಗಿನಲ್ಲಿ ಧ್ವನಿ ಖರೀದಿಯನ್ನು ಪೂರ್ತಿ ಆಫ್ ಮಾಡಿ, ಬೇಕೇ ಬೇಕಾದರೆ ಪಿನ್ ಇಡಿ. ಪಿನ್ ಮಗುವಿಗೆ ಕೇಳಿಸುವಂತೆ ಹೇಳಬೇಡಿ. ಬೀಗ ತೆರೆಯುವ ಆದೇಶವನ್ನಂತೂ ಧ್ವನಿಗೆ ಕೊಡಲೇಬೇಡಿ. 2019ರಲ್ಲಿ ಸಂಶೋಧಕರು ಕಿಟಕಿಯಾಚೆಯಿಂದ ಲೇಸರ್ ಕಿರಣ ಬಿಟ್ಟೇ ಮೈಕಿಗೆ 'ಮಾತು' ಕೇಳಿಸಿದ್ದಾರೆ. ಸಾಧನವನ್ನು ಕಿಟಕಿಯಿಂದ ಕಾಣದ ಮೂಲೆಗೆ ಸರಿಸಿ.

ಪ್ರಶ್ನೆ: ಸ್ಮಾರ್ಟ್ ಸಾಧನಗಳಿರುವ ಹಳೆಯ ಮನೆಗೆ ಬಾಡಿಗೆಗೆ ಹೋಗುತ್ತಿದ್ದೇವೆ. ಹಿಂದಿನವರ ಫೋನಿನಲ್ಲಿ ಆ್ಯಪ್ ಉಳಿದಿದ್ದರೆ?

ಉಳಿದಿದ್ದರೆ ಬಾಗಿಲು ಅವರಿಗೂ ತೆರೆಯುತ್ತದೆ, ಕ್ಯಾಮೆರಾ ಅವರಿಗೂ ಕಾಣುತ್ತದೆ. ಮಾಲೀಕರ ಎದುರೇ ಹಿಂದಿನವರ ಖಾತೆಯಿಂದ ಪ್ರತಿ ಸಾಧನವನ್ನೂ ತೆಗೆಸಿ, ಆಮೇಲೆ ರೀಸೆಟ್ ಗುಂಡಿ ಒತ್ತಿ. ಕ್ರಮ ತಿರುವುಮುರುವಾದರೆ ಕೆಲವು ಸಾಧನಗಳು ಹಳೆಯ ಖಾತೆಗೇ ಅಂಟಿಕೊಂಡು ನಿಮ್ಮನ್ನು ಸೇರಿಸಿಕೊಳ್ಳುವುದಿಲ್ಲ. ಕೀಪ್ಯಾಡಿನ ಹಳೆಯ ಕೋಡ್, ಬೆರಳಚ್ಚು, ಕಾರ್ಡ್ ಇವೆಲ್ಲವನ್ನೂ ಅಳಿಸಿ. ರೂಟರನ್ನೂ ರೀಸೆಟ್ ಮಾಡಿ ಹೊಸ ಪಾಸ್‌ವರ್ಡ್ ಹಾಕಿ. ಲೋಹದ ಕೀಲಿಯ ಸಿಲಿಂಡರನ್ನು ಬದಲಿಸಿಕೊಡುವಂತೆ ಮಾಲೀಕರನ್ನು ಕೇಳಿ, ಹಳೆಯ ಕೀಲಿಗೆ ಎಷ್ಟು ನಕಲುಗಳಿವೆಯೋ ಯಾರಿಗೆ ಗೊತ್ತು.